22 ಕೈದಿಗಳ ಡಾಕ್ಟರ್

1945ರ ಆಗಸ್ಟ್. ಲಕ್ಸೆಂಬರ್ಗ್ ದೇಶದ ಮೊಂಡೋರ್ಫ್ ಅನ್ನೋ ಊರಲ್ಲಿ ಅಮೆರಿಕದ ಸೇನೆ ಒಂದು ಹೋಟೆಲನ್ನೇ ಜೈಲು ಮಾಡಿಕೊಂಡಿತ್ತು. ಒಳಗಿದ್ದವರು ಹಿಟ್ಲರನ ಮಂತ್ರಿಗಳು, ಸೇನಾಧಿಕಾರಿಗಳು. ಅವರನ್ನು ನೋಡಿಕೊಳ್ಳೋಕೆ ಬಂದ ಮನೋವೈದ್ಯರೇ ಮೇಜರ್ ಡಗ್ಲಾಸ್ ಕೆಲ್ಲಿ. 1912ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವರು. ಶಾಯಿ ಕಲೆ ತೋರಿಸಿ ಏನು ಕಾಣುತ್ತೆ ಅಂತ ಕೇಳೋ ರೋರ್ಶಾಕ್ ಪರೀಕ್ಷೆಯಲ್ಲಿ ಪಳಗಿದವರು, ಜೊತೆಗೆ ಹವ್ಯಾಸಿ ಜಾದೂಗಾರ ಕೂಡ!

ಅಲ್ಲಿದ್ದ ದೊಡ್ಡ ಕೈದಿ ಹರ್ಮನ್ ಗೋರಿಂಗ್. ದಿನಕ್ಕೆ ಸುಮಾರು 40 ನೋವಿನ ಮಾತ್ರೆ ನುಂಗುತ್ತಿದ್ದ ಚಟಗಾರ. ನಿಮ್ಮಂಥ ಗಟ್ಟಿ ಮನುಷ್ಯರಿಗೆ ಇದೆಲ್ಲ ಯಾಕೆ ಬೇಕು ಅನ್ನೋ ಥರ ಅವನ ಅಹಂಕಾರವನ್ನೇ ಉಬ್ಬಿಸಿ, ಮಾತ್ರೆ ಕಮ್ಮಿ ಮಾಡುತ್ತಾ ಬಂದು ಕೆಲ್ಲಿ ಆ ಚಟ ಬಿಡಿಸಿದರು.

ಆಮೇಲೆ ಎಲ್ಲರನ್ನೂ ಜರ್ಮನಿಯ ನ್ಯೂರೆಂಬರ್ಗ್ ಜೈಲಿಗೆ ತಂದರು. ಇವರು ವಿಚಾರಣೆ ಎದುರಿಸೋ ಸ್ಥಿತಿಯಲ್ಲಿದ್ದಾರಾ ಅಂತ ಹೇಳೋದು ಕೆಲ್ಲಿಯ ಡ್ಯೂಟಿ. ಆದರೆ ಅವರಿಗೆ ಬೇಕಿದ್ದ ಉತ್ತರವೇ ಬೇರೆ. ಲಕ್ಷಾಂತರ ಜನರನ್ನು ಕೊಲ್ಲಿಸಿದವರ ತಲೆಯೊಳಗೆ ನಮ್ಮಲ್ಲಿಲ್ಲದ ಏನೋ ಒಂದು ರೋಗ ಇರಲೇಬೇಕಲ್ವಾ?

ಜೊತೆಗಿದ್ದ ಮನಶ್ಶಾಸ್ತ್ರಜ್ಞ ಗುಸ್ತಾವ್ ಗಿಲ್ಬರ್ಟ್ ಐಕ್ಯೂ ಟೆಸ್ಟ್ ಮಾಡಿದರು. ಬ್ಯಾಂಕರ್ ಶಾಖ್ಟ್‌ಗೆ 143, ಗೋರಿಂಗ್‌ಗೆ 138. ತಾನು ಫಸ್ಟ್ ಬರಲಿಲ್ಲ ಅಂತ ಗೋರಿಂಗ್‌ಗೆ ಸಿಟ್ಟು ಬಂತಂತೆ. ನೇಣುಗಂಬದ ಹತ್ತಿರ ಕೂತು ಮಾರ್ಕ್ಸ್ ಚಿಂತೆ! ಓದಿದಾಗ ನಗು ಬಂತು, ಆಮೇಲೆ ಒಂಥರಾ ಆಯ್ತು. ಇಂಟರ್ನಲ್ಸ್ ರಿಸಲ್ಟ್ ದಿನ ನಾವೂ ಹಾಗೇ ಅಲ್ವಾ ಇರೋದು?

ಕೆಲ್ಲಿ ಹುಡುಕಿದ ರೋಗ ಸಿಗಲೇ ಇಲ್ಲ. ಕಷ್ಟಪಟ್ಟು ದುಡಿಯೋ, ಅಧಿಕಾರದ ಆಸೆ ಇರೋ ಇಂಥವರು ಯಾವ ದೇಶದಲ್ಲಾದರೂ ಸಿಗುತ್ತಾರೆ, ಅಮೆರಿಕದಲ್ಲೂ ಇದ್ದಾರೆ ಅಂತ ಅವರು 1947ರ ತಮ್ಮ ಪುಸ್ತಕದಲ್ಲಿ ಬರೆದರು. ಯುದ್ಧ ಗೆದ್ದು ಬಂದ ಜನಕ್ಕೆ ಇದು ಹೇಗೆ ಹಿಡಿಸುತ್ತೆ ಹೇಳಿ. ಗಿಲ್ಬರ್ಟ್ ಕೂಡ ಒಪ್ಪಲಿಲ್ಲ. ಅವರ ಪ್ರಕಾರ ಗೋರಿಂಗ್ ಒಬ್ಬ ಸೈಕೋಪಾತ್. ಅದೇ ವರ್ಷ ಅವರ ಪುಸ್ತಕವೂ ಬಂತು. ಇಬ್ಬರ ಸ್ನೇಹವೂ ಮುರೀತು.

ಕೆಲ್ಲಿ ಬರ್ಕ್ಲಿಯಲ್ಲಿ ಅಪರಾಧಶಾಸ್ತ್ರದ ಪ್ರೊಫೆಸರ್ ಆದರು. ಹೊರಗೆ ಹೆಸರಿತ್ತು, ಮನೆಯಲ್ಲಿ ಕುಡಿತ, ಜಗಳ ಇತ್ತು. 1946ರ ಅಕ್ಟೋಬರ್‌ನಲ್ಲಿ ಗೋರಿಂಗ್ ನೇಣಿಗೆ ಕೆಲವೇ ಗಂಟೆ ಮೊದಲು ಸಯನೈಡ್ ತಗೊಂಡು ಸತ್ತಿದ್ದ. 1958ರ ಜನವರಿ 1ರಂದು, ಮನೆಯವರ ಕಣ್ಣೆದುರೇ, ಕೆಲ್ಲಿ ಕೂಡ ಸಯನೈಡ್‌ನಿಂದಲೇ ಜೀವ ಕಳೆದುಕೊಂಡರು. 45 ವರ್ಷ. ಮೂವರು ಮಕ್ಕಳಿದ್ದರು.