ಕಾದಂಬರಿಗಾರ್ತಿ ನಂಜನಗೂಡು ತಿರುಮಲಾಂಬನವರು

ನಮ್ಮ ಶಾಲೆಯ ಪುಸ್ತಕದ ಕಪಾಟಿನಿಂದ ಶನಿವಾರ ಬಾಲಿಕೆಯರು ಒಯ್ಯುವ ಕಾದಂಬರಿಗಳು ಸೋಮವಾರ ಹಿಂದಿರುಗಿ ಬರುವಾಗ ಕೆಲವು ಪುಟಗಳಲ್ಲಿ ಅಡಕೆಯ ಚೊಗರಿನ ಕಲೆ ಇರುವುದುಂಟು. ಚಂದಗುಳಿಯ ಕಡೆಯಿಂದ ಬರುವ ಒಬ್ಬ ಬಾಲಿಕೆಯನ್ನು ಇದಕ್ಕಾಗಿ ನಾವು ಒಮ್ಮೆ ಗದರಿಸಿದೆವು. ಆಮೇಲೆ ತಿಳಿದುದೇನೆಂದರೆ, ಪುಸ್ತಕವನ್ನು ಓದಿದವಳು ಅವಳಲ್ಲ, ಅವಳ ತಾಯಿ. ಅಡಕೆ ಸುಲಿಯುವ ಕೆಲಸ ಮುಗಿದು ಮನೆಯವರೆಲ್ಲರೂ ಮಲಗಿದ ಮೇಲೆ ಆಕೆ ಓದುತ್ತಿದ್ದರಂತೆ. ಗದರಿಸಿದುದಕ್ಕಾಗಿ ನಾವು ನಾಚಿದೆವು. ಅಂದಿನಿಂದ ಆ ಕಪಾಟು ತಾಯಂದಿರಿಗಾಗಿಯೂ ತೆರೆದಿರುವುದು. ಆ ತಾಯಿಯನ್ನು ನೆನೆದಾಗಲೆಲ್ಲ ನಮಗೆ ತಿರುಮಲಾಂಬನವರ ನೆನಪಾಗುವುದರಿಂದ, ಈ ಸಂಚಿಕೆಗೆ ಅವರ ಜೀವನವನ್ನೇ ಬರೆಯಲು ಆರಿಸಿಕೊಂಡೆವು.

ತಿರುಮಲಾಂಬನವರು 1887ರಲ್ಲಿ ಮೈಸೂರು ಸೀಮೆಯ ನಂಜನಗೂಡಿನಲ್ಲಿ ಜನಿಸಿದರು. ತಂದೆಯವರು ವಕೀಲರು. ಅಂದಿನ ರೂಢಿಯಂತೆ ಹತ್ತನೆಯ ವಯಸ್ಸಿನಲ್ಲಿ ಮಗಳಿಗೆ ವಿವಾಹವಾಯಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ವೈಧವ್ಯವು ಬಂದೊದಗಿತು. ಇಂದು ನಮ್ಮ ಶಾಲೆಯಲ್ಲಿ ಹದಿನಾಲ್ಕು ವರುಷದ ಬಾಲಿಕೆಯರು ಒಂಬತ್ತನೆಯ ತರಗತಿಯ ಬೆಂಚಿನ ಮೇಲೆ ಕುಳಿತು ಬೀಜಗಣಿತಕ್ಕೆ ಹೆದರುತ್ತಿರುವರು. ಆ ವಯಸ್ಸಿನಲ್ಲಿ ಈಕೆಯ ಬಾಳು ಮುಗಿಯಿತೆಂದು ಲೋಕವು ಭಾವಿಸಿತ್ತು. ಹಬ್ಬ ಹರಿದಿನಗಳಿಗೆ ಅಂಥವರನ್ನು ಕರೆಯುತ್ತಿರಲಿಲ್ಲ. ಅವರಿಗೆ ಉಳಿಯುತ್ತಿದ್ದುದು ಅಡಿಗೆಮನೆ, ಮಡಿ ಮತ್ತು ಮೌನ.

ಆದರೆ ತಂದೆಯವರು ಮಗಳ ಕೈಗೆ ಪುಸ್ತಕವನ್ನು ಕೊಟ್ಟರು. ಪೋಷಕರಾದ ತಾವು ಈ ಒಂದು ಸಂಗತಿಯನ್ನು ಗಮನಿಸಬೇಕೆಂದು ಕೋರುತ್ತೇವೆ. ಶಾಲೆಯ ಬಾಗಿಲು ಮುಚ್ಚಿದ ಮೇಲೂ ಆಕೆಯ ವಿದ್ಯಾಭ್ಯಾಸವು ಮನೆಯಲ್ಲಿಯೇ ಮುಂದುವರಿಯಿತು. ಕನ್ನಡದೊಡನೆ ತೆಲುಗು, ತಮಿಳುಗಳನ್ನೂ ಕಲಿತರು. ಕನ್ನಡದಲ್ಲಿ ಕಾದಂಬರಿಯೆಂಬುದು ಆಗ ಹೊಸ ಬೆಳೆ. ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಿದ್ದುದು 1899ರಲ್ಲಿ. ಬಿ. ವೆಂಕಟಾಚಾರ್ಯರು ವಂಗಭಾಷೆಯ ಕಾದಂಬರಿಗಳನ್ನು ಕನ್ನಡಿಸಿ ಮನೆಮನೆಗಳಲ್ಲಿ ಓದುವ ರುಚಿಯನ್ನು ಹಚ್ಚಿದ್ದರು. ಆ ಓದುಗರಲ್ಲಿ ಎಷ್ಟೋ ಮಂದಿ ಸ್ತ್ರೀಯರಿದ್ದರು. ಅವರಿಗಾಗಿ ಬರೆಯುವವಳು ಮಾತ್ರ ಇನ್ನೂ ಬಂದಿರಲಿಲ್ಲ.

1913ರಲ್ಲಿ ತಿರುಮಲಾಂಬನವರು ಸತೀ ಹಿತೈಷಿಣಿ ಎಂಬ ಗ್ರಂಥಮಾಲೆಯನ್ನು ತಾವೇ ಆರಂಭಿಸಿ, ತಮ್ಮ ಸುಶೀಲೆ ಕಾದಂಬರಿಯನ್ನು ಹೊರತಂದರು. ಮರುವರುಷ ನಭಾ ಬಂದಿತು. ವಿರಾಗಿಣಿ, ವಿದ್ಯುಲ್ಲತಾ ಮುಂತಾದವು ಹಿಂಬಾಲಿಸಿದವು. ಒಂದು ಗ್ರಂಥಮಾಲೆಯನ್ನು ನಡೆಯಿಸುವುದೆಂದರೆ ಬರೆಯುವುದಷ್ಟೇ ಅಲ್ಲ. ಕಾಗದಕ್ಕೆ ಹಣ ಹೊಂದಿಸಬೇಕು, ಅಚ್ಚಿನ ಕರಡನ್ನು ತಿದ್ದಬೇಕು, ಕಟ್ಟು ಕಟ್ಟಿ ಟಪ್ಪಾಲಿಗೆ ಹಾಕಬೇಕು, ಹಣ ಕಳುಹಿಸದವರಿಗೆ ನಯವಾಗಿ ನೆನಪುಮಾಡಬೇಕು. ಈ ಒಂದು ಸಂಚಿಕೆಯನ್ನು ಅಚ್ಚುಮಾಡಿಸುವಷ್ಟರಲ್ಲಿ ನಾಲ್ವರು ಉಪಾಧ್ಯಾಯಿನಿಯರಾದ ನಾವು ಬಳಲಿಹೋದೆವು. ತಿರುಮಲಾಂಬನವರು ಮೇಲಾಗಿ ಮನೆಯಲ್ಲಿಯೇ ಹೆಣ್ಣುಮಕ್ಕಳಿಗೆ ಪಾಠ ಹೇಳಿದರು. ಕರ್ನಾಟಕ ನಂದಿನಿ, ಸನ್ಮಾರ್ಗದರ್ಶಿನಿ ಎಂಬೆರಡು ಪತ್ರಿಕೆಗಳನ್ನೂ ನಡೆಯಿಸಿದರು. ಕನ್ನಡದ ಮೊದಲ ಪತ್ರಕರ್ತೆ, ಮೊದಲ ಪ್ರಕಾಶಕಿ ಎಂದು ಅವರನ್ನು ಕರೆಯುವುದು ಇದರಿಂದಲೇ.

ಅವರ ನಾಯಿಕೆಯರು ಇಂದಿನ ಬಾಲಿಕೆಯರಿಗೆ ಅಷ್ಟಾಗಿ ಹಿಡಿಸಲಾರರೆಂದು ನಾವು ಬಲ್ಲೆವು. ಸಹನೆ, ಪಾತಿವ್ರತ್ಯ, ಗುರುಹಿರಿಯರಲ್ಲಿ ವಿಧೇಯತೆ, ಇವೇ ಅಲ್ಲಿ ಹೆಚ್ಚು. ನಮಗೂ ಕೆಲವೆಡೆ ಬೇಸರವಾದುದುಂಟು. ಆದರೂ ಆ ಶೀಲವತಿಯರು ಓದು ಬಲ್ಲವರು. ಸಂಪ್ರದಾಯದ ಸೆರಗನ್ನು ಹೊದೆಸಿ ಅಕ್ಷರವನ್ನು ಅಡಿಗೆಮನೆಯೊಳಕ್ಕೆ ತಂದುದು ಜಾಣತನವೆಂದೇ ನಮ್ಮ ಅಭಿಪ್ರಾಯ. ಬೇರೆ ವೇಷದಲ್ಲಿ ಬಂದಿದ್ದರೆ ಹಿರಿಯರು ಆ ಪುಸ್ತಕಗಳನ್ನು ಹೊಸಲು ದಾಟಗೊಡುತ್ತಿದ್ದರೇ?

ಮುಂದಿನ ಸಂಗತಿಯನ್ನು ಬರೆಯಲು ಮನಸ್ಸು ನೋಯುವುದು. ಅವರ ಮಾತೃನಂದಿನಿ ಕಾದಂಬರಿಯ ವಿಷಯದಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರರು ಪ್ರತಿಕೂಲವಾದ ವಿಮರ್ಶೆಯನ್ನು ಬರೆದರು. ಮಾಸ್ತಿಯವರು ದೊಡ್ಡವರು, ನಾವೆಲ್ಲ ಅವರ ಕಥೆಗಳನ್ನು ಪ್ರೀತಿಯಿಂದ ಪಾಠಮಾಡಿದವರು. ಕೆಟ್ಟ ಮನಸ್ಸಿನಿಂದ ಬರೆದರೆಂದು ಹೇಳಲಾರೆವು. ಆದರೆ ಮೆಚ್ಚುವವರ ಗುಂಪಾಗಲಿ, ಸಾಹಿತ್ಯಗೋಷ್ಠಿಯಾಗಲಿ ಇಲ್ಲದೆ ಮನೆಯಲ್ಲಿ ಕುಳಿತು ಬರೆಯುವ ಒಬ್ಬ ವಿಧವೆಗೆ ಅಂತಹ ಮಾತು ಎಷ್ಟು ಭಾರವಾಗಿ ಬಿದ್ದೀತು! ಕ್ರಮೇಣ ಆ ಲೇಖನಿಯು ನಿಂತುಹೋಯಿತು. ಪ್ರಬಂಧದ ಪುಸ್ತಕಗಳ ಮೇಲೆ ಕೆಂಪು ಶಾಯಿಯನ್ನು ಧಾರಾಳವಾಗಿ ಚೆಲ್ಲುವ ನಾವು ಈ ಸಂಗತಿಯನ್ನು ಓದಿದ ದಿನ, ತಿದ್ದಬೇಕಾಗಿದ್ದ ಪುಸ್ತಕಗಳನ್ನು ಮುಟ್ಟದೆ ಹಾಗೆಯೇ ಇಟ್ಟೆವು.

ಬರವಣಿಗೆ ನಿಂತ ಮೇಲೆ ಅವರು ದಶಕಗಟ್ಟಲೆ ಬದುಕಿದರು. ಅಷ್ಟರಲ್ಲಿ ತ್ರಿವೇಣಿಯವರು ಬಂದರು, ಎಂ. ಕೆ. ಇಂದಿರಾ ಬಂದರು, ಅವರನ್ನು ಓದಿದ ಹೊಸ ತಲೆಮಾರಿನ ಸ್ತ್ರೀಯರಲ್ಲಿ ಅನೇಕರು ತಮಗಿಂತ ಮುಂಚೆ ಒಬ್ಬಾಕೆ ಈ ದಾರಿಯನ್ನು ಸವೆಸಿದ್ದುದನ್ನೇ ಅರಿಯರು. ಬೆಂಗಳೂರಿನ ಎನ್. ಎಂ. ಕೆ. ಆರ್. ವಿ. ಮಹಿಳಾ ಕಾಲೇಜಿನ ಪ್ರಾಂಶುಪಾಲರಾಗಿದ್ದ ಚಿ. ನ. ಮಂಗಳಾ ಅವರು ಆಕೆಯ ಸಾಧನೆಯನ್ನು ಮತ್ತೆ ಬೆಳಕಿಗೆ ತಂದವರಲ್ಲಿ ಮುಖ್ಯರು. ಅವರು ಕಟ್ಟಿದ ಶಾಶ್ವತಿ ಸಂಸ್ಥೆಯಿಂದ ತಿರುಮಲಾಂಬನವರ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿಯೂ ಏರ್ಪಟ್ಟಿತು. ತಿರುಮಲಾಂಬನವರು 1982ರಲ್ಲಿ, ತೊಂಬತ್ತೈದರ ವಯಸ್ಸಿನಲ್ಲಿ, ಮದರಾಸಿನಲ್ಲಿ ತೀರಿಕೊಂಡರು.

ನಮ್ಮ ಕಪಾಟಿನಲ್ಲಿ ಮಾತೃನಂದಿನಿ ಇಲ್ಲ. ಪೂರ್ವ ವಿದ್ಯಾರ್ಥಿನಿಯರಲ್ಲಿ ಯಾರ ಅಜ್ಜಿಯ ಪೆಟ್ಟಿಗೆಯಲ್ಲಾದರೂ ಅದರ ಹಳೆಯ ಪ್ರತಿಯೊಂದು ಉಳಿದಿದ್ದರೆ, ಹದಿನೈದು ದಿವಸಗಳ ಮಟ್ಟಿಗೆ ಶಾಲೆಗೆ ಕಳುಹಿಸಿಕೊಡಬೇಕಾಗಿ ಬೇಡುತ್ತೇವೆ. ಚಂದಗುಳಿಯ ಆ ತಾಯಿ ಅದಕ್ಕಾಗಿ ಎರಡು ಸಲ ಕೇಳಿ ಕಳುಹಿಸಿರುವರು.