ವಿದ್ಯಾರ್ಥಿಗಳ ನಡುವೆ ಧರ್ಮಸಭೆಯನ್ನು ಕಟ್ಟಿದ ಪುನೀತ ಫ್ರೆಡರಿಕ್ ಓಝಾನಮ್

ದೇವಾಲಯದ ಶತಮಾನೋತ್ಸವವನ್ನು ಆಚರಿಸುವಾಗ ನಮ್ಮ ನೆನಪು ಸಹಜವಾಗಿಯೇ ಅಸ್ತಿವಾರದ ಕಲ್ಲಿನತ್ತ ಹರಿಯುತ್ತದೆ. ನೆಲವನ್ನು ಕೊಟ್ಟವರು, ಕಲ್ಲು ಹೊತ್ತವರು, ಘಂಟೆಯನ್ನು ತರಿಸಿದವರು ಎಲ್ಲರನ್ನೂ ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಅದು ನಮ್ಮ ಕರ್ತವ್ಯವೂ ಹೌದು. ಆದರೆ ಕಲ್ಲು, ಗಾರೆ, ಗೋಪುರ ಯಾವುದೂ ಇಲ್ಲದೆ ಧರ್ಮಸಭೆಯು ಹೊಸದಾಗಿ ತಲೆಯೆತ್ತಿದ ಪ್ರಸಂಗಗಳೂ ಇತಿಹಾಸದಲ್ಲಿವೆ. ಅಂತಹ ಒಂದು ಪ್ರಸಂಗ 1833ರಲ್ಲಿ ಪ್ಯಾರಿಸ್ ನಗರದ ಪತ್ರಿಕಾ ಕಚೇರಿಯೊಂದರಲ್ಲಿ ನಡೆಯಿತು. ಅಲ್ಲಿ ಸೇರಿದವರು ಕೈಬೆರಳಲ್ಲಿ ಎಣಿಸಬಹುದಾದಷ್ಟು ವಿದ್ಯಾರ್ಥಿಗಳು. ಅವರ ಮುಂದಾಳು ಅಂದಿಗೆ ಸರಿಯಾಗಿ ಇಪ್ಪತ್ತು ವರ್ಷ ತುಂಬಿದ ಫ್ರೆಡರಿಕ್ ಓಝಾನಮ್. ಬಡವರ ಮನೆಗಳಿಗೆ ಸದ್ದಿಲ್ಲದೆ ಹೋಗಿಬರುವ ಸಂತ ವಿನ್ಸೆಂಟ್ ದೆ ಪಾಲ್ ಸಭೆಯವರನ್ನು ನಾವು ನಮ್ಮ ಧರ್ಮಕೇಂದ್ರಗಳಲ್ಲಿ ಬಲ್ಲೆವು. ಆ ಸಭೆಯನ್ನು ಆರಂಭಿಸಿದವರು ಗುರುಗಳೂ ಅಲ್ಲ, ಧನಿಕರೂ ಅಲ್ಲ, ಕಾಲೇಜಿನ ಹುಡುಗರು ಎಂಬುದನ್ನು ಮಾತ್ರ ನಮ್ಮಲ್ಲಿ ಅನೇಕರು ಅರಿಯರು.

ಫ್ರೆಡರಿಕ್ ಓಝಾನಮ್ ಅವರು 1813ನೆಯ ಏಪ್ರಿಲ್ 23ರಂದು ಇಟಲಿಯ ಮಿಲಾನ್ ನಗರದಲ್ಲಿ ಫ್ರೆಂಚ್ ತಂದೆತಾಯಿಗಳ ಮಗನಾಗಿ ಜನಿಸಿದರು. ಕೆಲವೇ ವರ್ಷಗಳಲ್ಲಿ ಕುಟುಂಬವು ಫ್ರಾನ್ಸಿನ ಲಿಯೋನ್ ನಗರಕ್ಕೆ ಮರಳಿತು. ವೈದ್ಯರಾದ ತಂದೆ ಅನೇಕ ಬಡರೋಗಿಗಳಿಗೆ ಹಣವಿಲ್ಲದೆ ಚಿಕಿತ್ಸೆ ಮಾಡುತ್ತಿದ್ದರು. ತಾಯಿಯೂ ಬಡವರ ಮನೆಗಳನ್ನು ಸಂದರ್ಶಿಸುತ್ತಿದ್ದರು. ಇಂತಹ ಭಕ್ತಿಯ ಮನೆಯಲ್ಲಿ ಬೆಳೆದರೂ ಹದಿಹರೆಯದಲ್ಲಿ ಫ್ರೆಡರಿಕರ ಮನಸ್ಸನ್ನು ಸಂದೇಹದ ಕತ್ತಲೆ ಮುತ್ತಿತು. ವಿಶ್ವಾಸದ ಒಂದೊಂದು ಸತ್ಯವೂ ಪ್ರಶ್ನೆಯಾಗಿ ಕಾಡತೊಡಗಿತು. ತತ್ತ್ವಶಾಸ್ತ್ರದ ಅಧ್ಯಾಪಕರಾಗಿದ್ದ ನುವಾರೋ ಎಂಬ ಗುರುಗಳು ಆ ಬಾಲಕನನ್ನು ಗದರಿಸದೆ, ಜೊತೆಯಲ್ಲಿ ನಡೆದಾಡುತ್ತ, ತಾಳ್ಮೆಯಿಂದ ಅವನ ಪ್ರಶ್ನೆಗಳಿಗೆ ಕಿವಿಗೊಟ್ಟರು. ಕತ್ತಲೆ ಕರಗಿತು. ಸತ್ಯದ ಸೇವೆಗೆ ಬಾಳನ್ನು ಮುಡಿಪಾಗಿಡುವೆನೆಂದು ಫ್ರೆಡರಿಕ್ ಅಂದೇ ದೇವರಿಗೆ ಮಾತು ಕೊಟ್ಟರು. ಸಂದೇಹದ ನೋವನ್ನು ಸ್ವತಃ ಉಂಡಿದ್ದರಿಂದಲೇ ಮುಂದೆ ಅವರು ಅವಿಶ್ವಾಸಿ ಗೆಳೆಯರನ್ನು ಎಂದೂ ಹೀನಾಯವಾಗಿ ಕಾಣಲಿಲ್ಲ.

1831ರಲ್ಲಿ ನ್ಯಾಯಶಾಸ್ತ್ರದ ವ್ಯಾಸಂಗಕ್ಕಾಗಿ ಅವರು ಪ್ಯಾರಿಸ್ಸಿಗೆ ಬಂದರು. ಆಗಿನ ಪ್ಯಾರಿಸ್ ಧರ್ಮಸಭೆಗೆ ಒಲಿದ ನಗರವಾಗಿರಲಿಲ್ಲ. 1830ರ ಕ್ರಾಂತಿ ಆಗತಾನೆ ನಡೆದಿತ್ತು. 1831ರ ಫೆಬ್ರವರಿಯಲ್ಲಿ ಉದ್ರಿಕ್ತ ಜನಸ್ತೋಮವು ಮಹಾಧರ್ಮಾಧ್ಯಕ್ಷರ ನಿವಾಸವನ್ನೇ ಲೂಟಿ ಮಾಡಿತ್ತು. ವಿಶ್ವವಿದ್ಯಾನಿಲಯದ ಕೆಲವು ಪ್ರಾಧ್ಯಾಪಕರು ಕ್ರೈಸ್ತಧರ್ಮವನ್ನು ಕಾಲ ಮುಗಿದ ಸಂಗತಿಯೆಂಬಂತೆ ಬೋಧಿಸುತ್ತಿದ್ದರು. ತರಗತಿಯಲ್ಲಿ ಕಥೋಲಿಕನೆಂದು ಹೇಳಿಕೊಳ್ಳುವುದಕ್ಕೇ ಧೈರ್ಯ ಬೇಕಿತ್ತು. ಇಂತಹ ಊರಿನಲ್ಲಿ ಆ ಯುವಕನಿಗೆ ಆಸರೆ ಕೊಟ್ಟವರು ಪ್ರಸಿದ್ಧ ವಿಜ್ಞಾನಿ ಆಂಪೇರ್. ವಿದ್ಯುತ್ ಪ್ರವಾಹವನ್ನು ಅಳೆಯುವ ಮಾನಕ್ಕೆ ಇಂದಿಗೂ ಅವರದೇ ಹೆಸರು. ಆ ಮಹಾವಿದ್ವಾಂಸರು ದೇವಾಲಯದ ಮೂಲೆಯಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದುದನ್ನು ಕಂಡು ಓಝಾನಮ್ ಅವರ ಮನಸ್ಸು ಗಟ್ಟಿಯಾಯಿತೆಂದು ಜೀವನಚರಿತ್ರೆಕಾರರು ಹೇಳುತ್ತಾರೆ. ಜುಫ್ರುವಾ ಎಂಬ ಪ್ರಾಧ್ಯಾಪಕರು ತರಗತಿಯಲ್ಲಿ ದೈವಪ್ರಕಟಣೆಯನ್ನು ಖಂಡಿಸಿದಾಗ, ಓಝಾನಮ್ ಮತ್ತು ಸಂಗಡಿಗರು ಗದ್ದಲವೆಬ್ಬಿಸದೆ, ಲಿಖಿತವಾಗಿ ವಿನಯದಿಂದ ತಮ್ಮ ಆಕ್ಷೇಪವನ್ನು ತಿಳಿಸಿ, ಅದನ್ನು ತರಗತಿಯಲ್ಲಿ ಓದಿಸುವಂತೆ ಮಾಡಿದರು.

ಆ ದಿನಗಳಲ್ಲಿ ಎಮಾನುಯೆಲ್ ಬೈಯಿ ಎಂಬ ಹಿರಿಯ ಪತ್ರಿಕಾ ಸಂಪಾದಕರ ಆಶ್ರಯದಲ್ಲಿ ಇತಿಹಾಸದ ಕಾನ್ಫರೆನ್ಸ್ ಎಂಬ ಚರ್ಚಾಕೂಟ ನಡೆಯುತ್ತಿತ್ತು. ವಿಶ್ವಾಸಿಗಳೂ ಅವಿಶ್ವಾಸಿಗಳೂ ಅಲ್ಲಿ ಮುಕ್ತವಾಗಿ ವಾದಿಸುತ್ತಿದ್ದರು. ಕ್ರೈಸ್ತಧರ್ಮವು ಲೋಕಕ್ಕೆ ಮಾಡಿದ ಉಪಕಾರಗಳನ್ನು ಓಝಾನಮ್ ಅವರು ಒಂದು ದಿನ ವರ್ಣಿಸಿದಾಗ, ಎದುರಾಳಿ ವಿದ್ಯಾರ್ಥಿಯೊಬ್ಬನು ಎದ್ದುನಿಂತು, ಹಿಂದಿನ ಹಿರಿಮೆಯನ್ನು ತಾನು ಅಲ್ಲಗಳೆಯುವುದಿಲ್ಲವೆಂದೂ, ಆದರೆ ಈ ಹೊತ್ತು ಕಥೋಲಿಕರಾದ ನೀವು ಬಡವರಿಗಾಗಿ ಏನು ಮಾಡುತ್ತಿದ್ದೀರಿ ಎಂದೂ ಕೇಳಿದನು. ಪುಸ್ತಕಗಳಿಂದ ಉತ್ತರ ಕೊಡಬಹುದಾದ ಪ್ರಶ್ನೆ ಅದಾಗಿರಲಿಲ್ಲ. ಹಿಂದಿನ ವರ್ಷವಷ್ಟೇ ಕಾಲರಾ ಬೇನೆಯು ಪ್ಯಾರಿಸ್ಸಿನಲ್ಲಿ ಸಾವಿರಾರು ಜನರನ್ನು ಬಲಿತೆಗೆದುಕೊಂಡಿತ್ತು. ವಿಶ್ವವಿದ್ಯಾನಿಲಯದ ಬೆನ್ನಿಗೇ ಇದ್ದ ಮುಫ್ತಾರ್ ಬೀದಿಯ ಕೇರಿಗಳಲ್ಲಿ ಹಸಿವು ತಾಂಡವವಾಡುತ್ತಿತ್ತು. ಆ ಯುವಕನ ಮಾತು ಕಟುವಾಗಿದ್ದರೂ ನ್ಯಾಯವಾದುದೆಂದು ಓಝಾನಮ್ ಒಪ್ಪಿಕೊಂಡರು. ಚಳಿಗಾಲಕ್ಕೆಂದು ತಾವು ಇರಿಸಿಕೊಂಡಿದ್ದ ಸೌದೆಯನ್ನು ಅವರೂ ಅವರ ಗೆಳೆಯರೊಬ್ಬರೂ ಹೊತ್ತುಕೊಂಡು ಹೋಗಿ ಬಡವನೊಬ್ಬನಿಗೆ ಕೊಟ್ಟರೆಂಬುದು ಪರಂಪರೆಯಿಂದ ಬಂದ ಮಾತು.

1833ನೆಯ ಏಪ್ರಿಲ್ 23ರ ಸಂಜೆ, ಬೈಯಿಯವರ ಪತ್ರಿಕಾ ಕಚೇರಿಯಲ್ಲಿ ಆರು ಮಂದಿ ವಿದ್ಯಾರ್ಥಿಗಳು ಸೇರಿದರು, ಬೈಯಿಯವರೇ ಅಧ್ಯಕ್ಷರಾದರು. ಆ ಸಣ್ಣ ಕೂಟವು ಕೈಗೊಂಡ ನಿಯಮಗಳು ಅತಿ ಸರಳ: ವಾರಕ್ಕೊಮ್ಮೆ ಕೂಡಿ ಪ್ರಾರ್ಥಿಸುವುದು, ತಮ್ಮೊಳಗೆ ಕೈಲಾದಷ್ಟು ಕಾಣಿಕೆ ಸೇರಿಸುವುದು, ಬಡವರ ಮನೆಗೆ ತಾವೇ ಹೋಗುವುದು. ಆದರೆ ಬಡವರ ಮನೆಯ ಬಾಗಿಲನ್ನು ತಟ್ಟುವ ರೀತಿ ಆ ಹುಡುಗರಿಗೆ ತಿಳಿದಿರಲಿಲ್ಲ. ಅದನ್ನು ಕಲಿಸಿದವರು ಮುಫ್ತಾರ್ ಕೇರಿಗಳಲ್ಲಿ ಬಹುಕಾಲದಿಂದ ಸೇವೆ ಮಾಡುತ್ತಿದ್ದ ಕನ್ಯಾಸ್ತ್ರೀ ರೊಸಾಲಿ ರಾಂದ್ಯು. ಯಾವ ಕುಟುಂಬಕ್ಕೆ ಏನು ಬೇಕೆಂದು ಹೇಳಿ, ರೊಟ್ಟಿಗೂ ಸೌದೆಗೂ ಚೀಟಿಗಳನ್ನು ಕೊಟ್ಟು, ಬಡವರೊಡನೆ ಗೌರವದಿಂದ ನಡೆದುಕೊಳ್ಳುವ ಬಗೆಯನ್ನು ಅವರು ತಿದ್ದಿ ತೋರಿಸಿದರು. ಆ ತಾಯಿಯೂ 2003ರಲ್ಲಿ ಪುನೀತರ ಸಾಲಿಗೆ ಸೇರಿದ್ದಾರೆ. 1834ರಲ್ಲಿ ಕೂಟವು ಸಂತ ವಿನ್ಸೆಂಟ್ ದೆ ಪಾಲರನ್ನು ಪಾಲಕರನ್ನಾಗಿ ಆರಿಸಿಕೊಂಡಿತು. ಚರ್ಚಾಕೂಟದ ಹೆಸರಿನಿಂದ ಬಂದ ಕಾನ್ಫರೆನ್ಸ್ ಎಂಬ ಪದವು ಸಭೆಯ ಘಟಕಗಳಿಗೆ ಇಂದಿಗೂ ಉಳಿದಿದೆ.

ಅದೇ ಕಾಲದಲ್ಲಿ ಓಝಾನಮ್ ಇನ್ನೊಂದು ಕಾರ್ಯಕ್ಕೂ ಕೈಹಾಕಿದರು. ವಿದ್ಯಾವಂತ ಯುವಜನರ ಪ್ರಶ್ನೆಗಳಿಗೆ ಅವರ ಭಾಷೆಯಲ್ಲೇ ಉತ್ತರ ನೀಡುವ ಪ್ರಬೋಧನೆಗಳು ನೋತ್ರ್ ದಾಮ್ ಮಹಾದೇವಾಲಯದಲ್ಲಿ ನಡೆಯಬೇಕೆಂದು ವಿದ್ಯಾರ್ಥಿಗಳ ಸಹಿಗಳೊಡನೆ ಮಹಾಧರ್ಮಾಧ್ಯಕ್ಷ ಕೆಲಾಂ ಅವರಿಗೆ ಮನವಿ ಸಲ್ಲಿಸಿದರು. ಮೊದಲ ಪ್ರಯತ್ನ ಅಷ್ಟಾಗಿ ಫಲಿಸದಿದ್ದರೂ ಅವರು ಎದೆಗುಂದಲಿಲ್ಲ. 1835ರ ತಪಸ್ಸುಕಾಲದಲ್ಲಿ ಲಕೋರ್ದೇರ್ ಎಂಬ ಗುರುಗಳು ಆ ವೇದಿಕೆಯನ್ನೇರಿದಾಗ, ದೇವಾಲಯದಿಂದ ದೂರವಾಗಿದ್ದ ಯುವಜನರು ಸಾವಿರಾರು ಸಂಖ್ಯೆಯಲ್ಲಿ ಬಂದು ನೆರೆದರು.

ಇತ್ತ ಸಭೆಗೆ ಒಂದು ಕಠಿಣ ಪರೀಕ್ಷೆ ಎದುರಾಯಿತು. ಅದು ಹೊರಗಿನ ವೈರಿಗಳಿಂದಲ್ಲ, ಒಳಗಿನ ಸ್ನೇಹದಿಂದಲೇ ಬಂದುದು. 1834ರ ಕೊನೆಗೆ ಸದಸ್ಯರ ಸಂಖ್ಯೆ ನೂರರ ಸಮೀಪಕ್ಕೆ ಏರಿತ್ತು. ಒಂದೇ ಕೋಣೆಯಲ್ಲಿ ಕೂಡುವುದು ಕಷ್ಟವಾಯಿತು. ಸಭೆಯನ್ನು ವಿಭಾಗಿಸಿ ಬೇರೆಬೇರೆ ದೇವಾಲಯಗಳ ವ್ಯಾಪ್ತಿಗೆ ಕಳುಹಿಸಬೇಕೆಂದು ಓಝಾನಮ್ ಸೂಚಿಸಿದಾಗ ಹಳೆಯ ಗೆಳೆಯರಲ್ಲೇ ಕೆಲವರು ಬಲವಾಗಿ ವಿರೋಧಿಸಿದರು. ಪರಊರಿನ ಒಂಟಿತನದಲ್ಲಿ ತಮಗೆ ದೊರೆತಿದ್ದ ಈ ಅಣ್ಣತಮ್ಮಂದಿರ ಕೂಟವು ಒಡೆದುಹೋದೀತೆಂಬುದೇ ಅವರ ಅಳಲು. ಮಾತು ಬಿಸಿಯಾಯಿತು, ಮನಸ್ಸುಗಳು ನೊಂದವು. ಆ ಅಳಲಿನಲ್ಲಿ ಸತ್ಯವಿರಲಿಲ್ಲವೆಂದು ಹೇಳಲಾಗದು. ಆದರೂ ಬಾಗಿಲು ಮುಚ್ಚಿದ ಸ್ನೇಹವು ಕಾಲಾಂತರದಲ್ಲಿ ಬತ್ತಿಹೋಗುವುದೆಂಬುದನ್ನು ಓಝಾನಮ್ ಕಂಡಿದ್ದರು. ಕೊನೆಗೆ ಮನಸ್ತಾಪ ಶಮನವಾಯಿತು. 1835ರ ಆರಂಭದಲ್ಲಿ ಸಭೆಯು ಸೇಂತ್ ಎತ್ಯೆನ್ ಹಾಗೂ ಸೇಂತ್ ಸುಲ್ಪೀಸ್ ದೇವಾಲಯಗಳ ಹೆಸರಿನಲ್ಲಿ ಎರಡಾಯಿತು. ಎರಡಾದದ್ದು ಹತ್ತಾಯಿತು, ನೂರಾಯಿತು. ಲಿಯೋನ್, ರೋಮ್, 1844ರಲ್ಲಿ ಡಬ್ಲಿನ್, 1845ರಲ್ಲಿ ಅಮೆರಿಕದ ಸೇಂಟ್ ಲೂಯಿಸ್, ಹೀಗೆ ಸಭೆಯು ಊರಿಂದೂರಿಗೆ ಹಬ್ಬಿತು. ಅಂದು ಆ ಗೆಳೆಯರು ಅಗಲಿಕೆಯ ನೋವನ್ನು ಒಪ್ಪಿಕೊಳ್ಳದೆ ಹೋಗಿದ್ದರೆ, ಕಾಲೇಜು ಮುಗಿದಂತೆ ಅವರ ಕೂಟವೂ ಮುಗಿಯುತ್ತಿತ್ತು.

ಗುರುದೀಕ್ಷೆಯೋ ಸಂಸಾರವೋ ಎಂದು ಬಹುಕಾಲ ತೊಳಲಾಡಿದ ಓಝಾನಮ್, 1841ನೆಯ ಜೂನ್ 23ರಂದು ಅಮೇಲಿ ಸುಲಕ್ರುವಾ ಅವರನ್ನು ವಿವಾಹವಾದರು. ವಿವಾಹದ ಸ್ಮರಣೆಗಾಗಿ ಪ್ರತಿ ತಿಂಗಳ 23ರಂದು ಪತ್ನಿಗೆ ಹೂಗಳನ್ನು ಕೊಡುವುದನ್ನು ಅವರು ರೂಢಿಮಾಡಿಕೊಂಡಿದ್ದರು. 1845ರಲ್ಲಿ ಮರಿಯ ಎಂಬ ಮಗಳು ಹುಟ್ಟಿದಳು. ಹಿಂದೊಮ್ಮೆ ಕಥೋಲಿಕ ವಿದ್ಯಾರ್ಥಿಯಾಗಿ ಅಳುಕುತ್ತ ಪ್ರವೇಶಿಸಿದ್ದ ಸೊರ್ಬೋನ್ ವಿದ್ಯಾಪೀಠದಲ್ಲೇ ಅವರು 1844ರಲ್ಲಿ ವಿದೇಶೀ ಸಾಹಿತ್ಯದ ಪ್ರಾಧ್ಯಾಪಕರಾದರು. ಮಹಾಕವಿ ದಾಂತೆಯ ಕೃತಿಗಳಲ್ಲಿ ಅವರದು ಅಗಾಧ ಪಾಂಡಿತ್ಯ. ಆದರೆ ಪ್ರಾಧ್ಯಾಪಕರಾದ ಮೇಲೂ ಬಡವರ ಮನೆಗಳ ಮೆಟ್ಟಿಲು ಹತ್ತುವುದನ್ನು ಅವರು ಬಿಡಲಿಲ್ಲ. 1848ರ ಜೂನ್ ತಿಂಗಳಲ್ಲಿ ಪ್ಯಾರಿಸ್ಸಿನ ಬೀದಿಗಳಲ್ಲಿ ಕಾರ್ಮಿಕರಿಗೂ ಸೈನ್ಯಕ್ಕೂ ಕಾದಾಟ ನಡೆದಾಗ, ಸಂಧಾನಕ್ಕೆ ಮುಂದಾಗಬೇಕೆಂದು ಓಝಾನಮ್ ಮತ್ತು ಗೆಳೆಯರು ಮಹಾಧರ್ಮಾಧ್ಯಕ್ಷ ಆಫ್ರ್ ಅವರನ್ನು ಬೇಡಿಕೊಂಡರು. ಶಾಂತಿಗಾಗಿ ಹೊರಟ ಆ ಪುಣ್ಯಾತ್ಮರು ಗುಂಡೇಟು ತಗಲಿ ಪ್ರಾಣವನ್ನರ್ಪಿಸಿದರು. ಆ ದುಃಖವು ಓಝಾನಮ್ ಅವರನ್ನು ಆಳವಾಗಿ ತಟ್ಟಿತು.

ಅತಿಯಾದ ದುಡಿಮೆಯಿಂದ ಅವರ ದೇಹ ಸೊರಗಿತು. 1852ರಲ್ಲಿ ಹಾಸಿಗೆ ಹಿಡಿದಿದ್ದಾಗ, ಪಾಠಗಳು ನಡೆಯುತ್ತಿಲ್ಲವೆಂದು ವಿದ್ಯಾರ್ಥಿಗಳು ಗದ್ದಲ ಮಾಡುತ್ತಿರುವುದನ್ನು ಕೇಳಿ, ಮನೆಯವರು ತಡೆದರೂ ನಿಲ್ಲದೆ ಎದ್ದುಹೋಗಿ ಪಾಠಮಾಡಿದರು. ಬಿಳಿಚಿದ ಆ ಮುಖವನ್ನು ಕಂಡು ವಿದ್ಯಾರ್ಥಿಗಳು ನಾಚಿದರು. ಅದೇ ಅವರ ಕೊನೆಯ ಪಾಠವಾಯಿತು. ಆರೋಗ್ಯವನ್ನರಸಿ ಇಟಲಿಗೆ ಹೋದರೂ ಗುಣವಾಗಲಿಲ್ಲ. ತಾಯ್ನಾಡಿಗೆ ಮರಳಿದ ಕೆಲವೇ ದಿನಗಳಲ್ಲಿ, 1853ನೆಯ ಸೆಪ್ಟೆಂಬರ್ 8ರಂದು, ನಮ್ಮ ಕರಾವಳಿಯಲ್ಲಿ ಹೊಸ ತೆನೆಯೊಡನೆ ಆಚರಿಸುವ ಮಾತೆ ಮರಿಯಮ್ಮನವರ ಜನ್ಮೋತ್ಸವದ ದಿನವೇ, ಮಾರ್ಸೇಲ್ಸ್ ನಗರದಲ್ಲಿ ಅವರು ದೈವಾಧೀನರಾದರು. ಆಗ ಅವರಿಗೆ ನಲವತ್ತು ವರ್ಷ.

1997ನೆಯ ಆಗಸ್ಟ್ 22ರಂದು, ಲೋಕದ ಯುವಜನರು ವಿಶ್ವ ಯುವ ದಿನಕ್ಕಾಗಿ ಪ್ಯಾರಿಸ್ಸಿನಲ್ಲಿ ನೆರೆದಿದ್ದಾಗ, ಜಗದ್ಗುರು ಎರಡನೆಯ ಜಾನ್ ಪಾಲರು ಅವರನ್ನು ಪುನೀತರೆಂದು ಘೋಷಿಸಿದರು. ಅದು ನಡೆದುದು ನೋತ್ರ್ ದಾಮ್ ಮಹಾದೇವಾಲಯದಲ್ಲಿ. ಯುವಜನರಿಗಾಗಿ ಅದರ ಬಾಗಿಲು ತೆರೆಯಲೆಂದು ಓಝಾನಮ್ ಮನವಿ ಹಿಡಿದು ಅಲೆದ ಅದೇ ದೇವಾಲಯದಲ್ಲಿ.

ನಮ್ಮ ದೇವಾಲಯವು ನೂರು ವರ್ಷಗಳನ್ನು ಕಂಡಿದೆ. ಅದರ ಮುಂದಿನ ನೂರು ವರ್ಷಗಳು ನಮ್ಮ ಮಕ್ಕಳ ಕೈಯಲ್ಲಿವೆ. ಅವರಲ್ಲಿ ಅನೇಕರು ಇಂದು ಓದಿಗಾಗಿ, ಉದ್ಯೋಗಕ್ಕಾಗಿ ದೂರದ ಊರುಗಳಲ್ಲಿದ್ದಾರೆ. ಅವರ ಸಂದೇಹಗಳನ್ನು ನುವಾರೋ ಗುರುಗಳಂತೆ ತಾಳ್ಮೆಯಿಂದ ಕೇಳುವ ಹಿರಿಯರು ಬೇಕು; ಬೈಯಿಯವರಂತೆ ಕೂಡಲು ಒಂದು ಕೋಣೆ ಕೊಡುವವರು ಬೇಕು; ರೊಸಾಲಿಯವರಂತೆ ಬಡವರ ಮನೆಯ ದಾರಿ ತೋರುವವರು ಬೇಕು. ಅಂದು ಆ ವಿದ್ಯಾರ್ಥಿ ಕೇಳಿದ ಪ್ರಶ್ನೆ ಇಂದು ನಮ್ಮನ್ನೂ ಕೇಳುತ್ತಿದೆ. ಅದಕ್ಕೆ ನಮ್ಮ ಧರ್ಮಕೇಂದ್ರವು ಕಾರ್ಯದಿಂದಲೇ ಉತ್ತರಿಸುವಂತೆ ಪುನೀತ ಫ್ರೆಡರಿಕ್ ಓಝಾನಮ್ ಅವರು ನಮಗಾಗಿ ದೇವರಲ್ಲಿ ಬಿನ್ನವಿಸಲಿ.