ಊರಿಗೆ ಮರಳದ ಶೋಪ್ಯಾನ್

ಪಿಯಾನೋ ವಾದ್ಯದ ಕವಿಯೆನಿಸಿದ ಫ್ರೆಡರಿಕ್ ಶೋಪ್ಯಾನನು 1810ರಲ್ಲಿ ಪೋಲೆಂಡಿನ ಹಳ್ಳಿಯೊಂದರಲ್ಲಿ ಜನಿಸಿದನು. ತಂದೆ ಫ್ರಾನ್ಸಿನಿಂದ ಬಂದು ನೆಲೆಸಿದ ಉಪಾಧ್ಯಾಯ.

1830ರ ಅಕ್ಟೋಬರ್ 11ರಂದು, ಇಪ್ಪತ್ತರ ಆ ತರುಣನು ವಾರ್ಸಾ ನಗರದಲ್ಲಿ ತನ್ನ ಇ ಮೈನರ್ ಕಂಚೆರ್ಟೋವನ್ನು ನುಡಿಸಿದನು. ವಾದ್ಯವೃಂದದೊಡನೆ ಒಂದು ವಾದ್ಯವು ನಾಯಕನಾಗಿ ನಿಲ್ಲುವ ಕೃತಿಗೆ ಕಂಚೆರ್ಟೋ ಎಂದು ಹೆಸರು. ರಚನೆಯಲ್ಲಿ ಇದು ಎರಡನೆಯದಾದರೂ ಮೊದಲು ಅಚ್ಚಾದುದರಿಂದ ಒಂದನೆಯದೆನಿಸಿತು. ಆರಂಭದಲ್ಲಿ ವೃಂದವೇ ಬಹುಹೊತ್ತು ನುಡಿಯುತ್ತದೆ. ಪಿಯಾನೋ ಬಂದೊಡನೆ ಹಿಂದೆ ಸರಿಯುತ್ತದೆ. ಇದನ್ನು ದೋಷವೆಂದ ಪಂಡಿತರುಂಟು, ನಾವು ಒಪ್ಪಲಾರೆವು. ನಡುವಣ ಭಾಗದಲ್ಲಿ ಪಿಟೀಲುಗಳು ದನಿಯಡಗಿಸಿ ನುಡಿಯುತ್ತಿರಲು ಪಿಯಾನೋ ಕಂಠದಿಂದಲೇ ಹಾಡಿದಂತೆ ಹಾಡುತ್ತದೆ. ಇಟಲಿಯ ಸಂಗೀತನಾಟಕಗಳ ಗಾಯನವೆಂದರೆ ಅವನಿಗೆ ಪ್ರಾಣ. ಕೊನೆಯ ಭಾಗದಲ್ಲಿ ಕ್ರಾಕೋವ್ ಸೀಮೆಯ ಹಳ್ಳಿಗರ ಕುಣಿತದ ಲಯವಿದೆ.

ನವೆಂಬರ್ 2ರಂದು ಅವನು ಊರು ಬಿಟ್ಟನು. ಅದೇ ತಿಂಗಳ 29ರಂದು ರಷ್ಯದ ಆಳ್ವಿಕೆಯ ವಿರುದ್ಧ ವಾರ್ಸಾ ದಂಗೆಯೆದ್ದಿತು. ಮರುವರ್ಷ ದಂಗೆ ಮುರಿದುಬಿದ್ದಿತು. ಪ್ಯಾರಿಸಿನಲ್ಲಿ ಪಾಠ ಹೇಳಿ ಜೀವಿಸಿದ ಶೋಪ್ಯಾನನು ತಾಯ್ನಾಡನ್ನು ಮತ್ತೆ ಕಾಣಲಿಲ್ಲ. ನಮಗೆ ವರ್ಷಕ್ಕೊಮ್ಮೆಯಾದರೂ ಊರಿನ ರೈಲುಂಟು. ಅವನಿಗೆ ಅದೂ ಇಲ್ಲವಾಯಿತು. 1835ರಲ್ಲಿ ತಂದೆತಾಯಿಯರನ್ನು ಕಂಡುದು ಸಹ ಪರಸ್ಥಳವಾದ ಕಾರ್ಲ್ಸ್‌ಬಾಡಿನಲ್ಲಿ. 1849ರ ಅಕ್ಟೋಬರ್ 17ರಂದು ತೀರಿಕೊಂಡ ಅವನ ದೇಹವು ಪ್ಯಾರಿಸಿನ ಮಣ್ಣು ಸೇರಿತು. ಹೃದಯವನ್ನು ಮಾತ್ರ, ಅವನ ಅಪೇಕ್ಷೆಯಂತೆ, ಅಕ್ಕ ಲುದ್ವಿಕಾ ವಾರ್ಸಾಕ್ಕೆ ಒಯ್ದಳು.